ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ: ದೂರವೆಷ್ಟು, ಹೊತ್ತೆಷ್ಟು?

ಹೊರದೇಶಕ್ಕೆ ಹೊಸದಾಗಿ ಬಂದ ಕುಟುಂಬಗಳು ನಮ್ಮ ಸಂಘದವರನ್ನು ಮತ್ತೆ ಮತ್ತೆ ಕೇಳುವ ಮಾತಿದು: "ತಂಗಿ ಇರೋ ಊರು 400 ಕಿಲೋಮೀಟರ್ ಅಂತ ತೋರಿಸ್ತಿದೆ. ವಿಮಾನದಲ್ಲಿ ಅರ್ಧ ಗಂಟೆ ಸಾಕಲ್ವಾ?" ಸಾಲದು. ಆ ಲೆಕ್ಕ ನಂಬಿ ಮಕ್ಕಳನ್ನು ಕಟ್ಟಿಕೊಂಡು ಹೊರಟವರು ಪಟ್ಟ ಪಾಡು ನೋಡಿಯೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ದೂರ. ವೆಬ್‌ಸೈಟ್‌ಗಳು ತೋರಿಸುವುದು ಹಕ್ಕಿ ಹಾರುವ ದೂರ, ಅಂದರೆ ಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಬರುವ ಅಳತೆ. ರಸ್ತೆಯ ದೂರ ಇದಕ್ಕಿಂತ ಹೆಚ್ಚೇ ಇರುತ್ತದೆ. ವಿಮಾನವೂ ರನ್‌ವೇ ದಿಕ್ಕಿಗೆ ತಿರುಗಿಕೊಳ್ಳಲು, ಮೋಡ ತಪ್ಪಿಸಲು ಸ್ವಲ್ಪ ಸುತ್ತುತ್ತದೆ. ಅಳತೆ ಯಾವುದರಲ್ಲಿದೆ ಎಂದೂ ನೋಡಿ: ಒಂದು ಮೈಲಿಗೆ 1.609 ಕಿ.ಮೀ., ವಿಮಾನಯಾನದವರು ಬಳಸುವ ನಾಟಿಕಲ್ ಮೈಲಿಗೆ 1.852 ಕಿ.ಮೀ.

ಇನ್ನು ಹೊತ್ತು. ಸಣ್ಣ ನಿಲ್ದಾಣಗಳ ನಡುವೆ ಎಷ್ಟೋ ಕಡೆ ಓಡಾಡುವುದು ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನಗಳು. ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಾಕಾರ ಮಾಡಿದರೆ 400 ಕಿ.ಮೀ.ಗೆ 48 ನಿಮಿಷ. ಆದರೆ ಮೇಲೇರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ನೆಲದ ಮೇಲೆ ರನ್‌ವೇವರೆಗೆ ಉರುಳುವ ಹೊತ್ತೂ ಸೇರಬೇಕು. ವೇಳಾಪಟ್ಟಿಯಲ್ಲಿ ಬರೆಯುವುದು ಹೊರಡುವ ಜಾಗ ಬಿಟ್ಟಲ್ಲಿಂದ ಇನ್ನೊಂದು ತುದಿಯಲ್ಲಿ ನಿಲ್ಲುವವರೆಗಿನ ಸಮಯ, ಹಾಗಾಗಿ ಒಂದೂಕಾಲು ಗಂಟೆ ಎಂದಿದ್ದರೆ ಗಾಬರಿಯಾಗಬೇಡಿ. ಜೆಟ್ ಬಂದರೂ ಇಷ್ಟು ಹತ್ತಿರದ ದಾರಿಯಲ್ಲಿ ಉಳಿತಾಯವಾಗುವುದು ಕಾಲು ಗಂಟೆಯಷ್ಟೇ, ಏಕೆಂದರೆ ಪೂರ್ತಿ ವೇಗದಲ್ಲಿ ಹಾರಲು ಅದಕ್ಕೆ ಸಿಗುವ ಹೊತ್ತೇ ಕಡಿಮೆ.

ಟಿಕೆಟ್‌ನಲ್ಲಿರುವ ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು. 10:00ಕ್ಕೆ ಹೊರಟು 10:15ಕ್ಕೆ ತಲುಪುತ್ತದೆ ಎಂದಿದ್ದರೆ ಅದು 15 ನಿಮಿಷದ ಹಾರಾಟವಲ್ಲ. ತಲುಪುವ ಊರಿನ ಗಡಿಯಾರ ಒಂದು ಗಂಟೆ ಹಿಂದಿದೆ, ಅಷ್ಟೆ. ಕರೆದೊಯ್ಯಲು ಬರುವವರಿಗೆ ಅವರೂರಿನ ಸಮಯವನ್ನೇ ಹೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಎರಡು ಸಣ್ಣ ನಿಲ್ದಾಣಗಳ ನಡುವೆ ನೇರ ವಿಮಾನ ಇಲ್ಲದಿರುವುದೇ ಹೆಚ್ಚು. ದೊಡ್ಡ ನಿಲ್ದಾಣಕ್ಕೆ ಹೋಗಿ ವಿಮಾನ ಬದಲಿಸಬೇಕು. ಆಗ 400 ಕಿ.ಮೀ. ದಾರಿ ಐದಾರು ಗಂಟೆ ನುಂಗುತ್ತದೆ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿ, ಕಾರು ಅಥವಾ ರೈಲಿನ ಜೊತೆ ಹೋಲಿಸಿ. ಕೈಗೂಸು ಇರುವವರಿಗೆ ಎಷ್ಟೋ ಸಲ ರೈಲೇ ಹಿತ. ವಿಮಾನವೇ ಆದರೆ ಎರಡು ಹಾರಾಟಗಳನ್ನೂ ಒಂದೇ ಟಿಕೆಟ್‌ನಲ್ಲಿ ಕೊಳ್ಳಿ. ಬೇರೆ ಬೇರೆ ಕೊಂಡು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಸಾಮಾನ್ಯವಾಗಿ ಆ ನಷ್ಟ ನಿಮ್ಮದೇ.

ಕೆಲವು ನಗರಗಳಿಗೆ ಎರಡು ಮೂರು ನಿಲ್ದಾಣಗಳಿರುತ್ತವೆ. ಊರಿನ ಹೆಸರು ನೋಡಿ ಸುಮ್ಮನಾಗದೆ ಟಿಕೆಟ್‌ನಲ್ಲಿರುವ ನಿಲ್ದಾಣದ ಮೂರಕ್ಷರದ ಸಂಕೇತವನ್ನೂ ಸರಿನೋಡಿ.

ಸಣ್ಣ ವಿಮಾನದಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಕೈಚೀಲವನ್ನು ವಿಮಾನದ ಬಾಗಿಲಲ್ಲೇ ಸಿಬ್ಬಂದಿ ಇಸಿದುಕೊಳ್ಳಬಹುದು. ಔಷಧಿ, ಪಾಸ್‌ಪೋರ್ಟ್, ಮಗುವಿನ ಹಾಲು ಬೇರೆ ಪುಟ್ಟ ಚೀಲದಲ್ಲಿರಲಿ. ಹತ್ತುವುದು ಹೆಚ್ಚಾಗಿ ಮೆಟ್ಟಿಲಲ್ಲಿ. ಅಪ್ಪ ಅಮ್ಮನಿಗೆ ಮಂಡಿನೋವಿದ್ದರೆ ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿ ಕೇಳಿ, ಮೆಟ್ಟಿಲು ಹತ್ತಲಾಗುವುದಿಲ್ಲ ಎಂಬುದನ್ನೂ ಬಿಡಿಸಿ ಹೇಳಿ.