ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ನಾನು ಮಾಡಿಕೊಂಡ ಏರ್ಪಾಡು

ಎದೆಯ ಕ್ಯಾನ್ಸರ್ ಚಿಕಿತ್ಸೆ ಮುಗಿದು ನನಗೆ ನಾಲ್ಕು ವರ್ಷ. "ಇನ್ನು ಆರಾಮ ಅಲ್ವಾ?" ಅಂತ ಪೆರ್ಲ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಆರಾಮವೇ. ಆದರೆ ಕೆಲಸ ಇದೆ.

ಮೊದಲು ಒಂದು ಫೈಲ್ ಮಾಡಿ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಚೀಟಿ, ಕೀಮೋ ಮದ್ದುಗಳ ಹೆಸರು ಒಂದೇ ಕಡೆ ಇರಲಿ. ನಮ್ಮದು ಕೇರಳ–ಕರ್ನಾಟಕ ಗಡಿಯ ಊರು. ಒಬ್ಬರು ಮಂಗಳೂರಿಗೆ ಹೋದರೆ ಇನ್ನೊಬ್ಬರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ. ಆಸ್ಪತ್ರೆ ಬದಲಾದರೆ ಕಾಗದ ತಾನಾಗಿ ಹಿಂದೆ ಬರುವುದಿಲ್ಲ.

ಮೊದಲ ಮೂರು ವರ್ಷ ಸಾಮಾನ್ಯವಾಗಿ 3–6 ತಿಂಗಳಿಗೊಮ್ಮೆ ತಪಾಸಣೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ. ತಾರೀಕನ್ನು ಕ್ಯಾಲೆಂಡರಿನಲ್ಲಿ ಅಡಿಕೆ ಕೊಯ್ಲಿನ ಪಕ್ಕದಲ್ಲೇ ಬರೆಯಿರಿ.

ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಬದಿಯ ಕೈ ಜೋಪಾನ. ಅಲ್ಲಿ ದ್ರವ ಇಳಿಯುವ ದಾರಿ ಕಡಿಮೆಯಾಗಿರುತ್ತದೆ, ಕೈ ಬಾತುಕೊಳ್ಳಬಹುದು. ನಾನು ಅಡಿಕೆ ಸುಲಿಯುವಾಗ ಗ್ಲೌಸ್ ಹಾಕುತ್ತೇನೆ. ಅತ್ತೆ ನಗುತ್ತಾರೆ, ನಗಲಿ. ಸಣ್ಣ ಗೀರಾದರೂ ಸೋಪು ನೀರಿನಲ್ಲಿ ತೊಳೆಯಿರಿ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ನಾಳೆಗೆ ಇಡಬೇಡಿ, ಅದೇ ದಿನ ಡಾಕ್ಟರ್. ಹಾಗಂತ ಕೈ ಕಟ್ಟಿ ಕೂರಬೇಡಿ. ಕೊಡಪಾನ ಎತ್ತುವ ಮೊದಲು ಚೊಂಬಿನಿಂದ ಶುರು ಮಾಡಿ, ನಿಧಾನಕ್ಕೆ ಭಾರ ಹೆಚ್ಚಿಸಿ.

ತಪಾಸಣೆಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಈಗಲೂ. ಎದ್ದು ಕೂತು ಡಾಕ್ಟರಿಗೆ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆಯುತ್ತೇನೆ.

ಋಣಕ್ಕೂ ಒಂದು ಪಟ್ಟಿ ಇಡಿ. ಕೀಮೋ ದಿನಗಳಲ್ಲಿ ನಸುಕಿಗೇ ಕುಂಬಳೆ ಸ್ಟೇಷನ್ನಿಗೆ ಬಿಟ್ಟ ರಿಕ್ಷಾದವರಿಗೆ ಪ್ರತಿ ಬೇಸಗೆಯಲ್ಲಿ ಒಂದು ಚೀಲ ಸೌತೆಕಾಯಿ ಕೊಡುತ್ತೇನೆ. "ದಾಲಾ ಬೊಡ್ಚಿ ಅಕ್ಕ" (ಏನೂ ಬೇಡ ಅಕ್ಕ) ಅಂತ ತುಳುವಿನಲ್ಲಿ ಅನ್ನುತ್ತಾರೆ. ಚೀಲ ಮಾತ್ರ ಹಿಂದಿನ ಸೀಟಿನಲ್ಲಿ ಇಟ್ಟುಕೊಳ್ಳುತ್ತಾರೆ.