ಮಕ್ಕಳ ಜಗಳ ದಾಖಲಿಸಿದ್ದು ಕಾಗದದಲ್ಲಿ, ಕ್ಯಾಮೆರಾದಲ್ಲಲ್ಲ: ನನ್ನ ಅನುಭವ

ವಿಡಿಯೋ ಇಲ್ಲದೆ ಮಾಡಿದ ವೀಕ್ಷಣೆಯನ್ನು ಯಾರು ನಂಬುತ್ತಾರೆ ಅಂತ ನನ್ನ ಜೊತೆ ಕೆಲಸ ಮಾಡುವವರೇ ಕೇಳಿದ್ದರು. ಈಗ ಅದೇ ಡೇಟಾ ಎಲ್ಲರ ಮುಂದೆ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ನಾಲ್ಕೈದು ವರ್ಷದ ಮಕ್ಕಳು ಆಟದ ಅಂಗಳದಲ್ಲಿ ಯಾಕೆ ಜಗಳ ಆಡುತ್ತಾರೆ, ಅದು ಹೇಗೆ ಮುಗಿಯುತ್ತೆ. ಪೋಷಕರ ಒಪ್ಪಿಗೆ ಪತ್ರ ಎಲ್ಲ ಆದಮೇಲೆ ಮೊದಲು ಕ್ಯಾಮೆರಾ ಹಾಕಿದೆವು. ಕೈಯಲ್ಲಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಗಾಳಿಯ ಸದ್ದಿಗೆ ಮಾತು ಕೇಳಿಸಲ್ಲ, ಜಗಳ ಶುರುವಾಗುವ ಹೊತ್ತಿಗೆ ಯಾವುದೋ ಮಗುವಿನ ಬೆನ್ನು ಅಡ್ಡ. ಒಂದು ಗಂಟೆಯ ವಿಡಿಯೋ ಕೋಡ್ ಮಾಡೋಕೆ, ಅಂದರೆ ನೋಡಿ ನಡೆದದ್ದನ್ನು ವರ್ಗವಾರು ಗುರುತು ಹಾಕೋಕೆ, ಐದಾರು ಗಂಟೆ ಬೇಕು, ಆ ಗಂಟೆಗಳಿಗೂ ಸಂಬಳ ಕೊಡಬೇಕು. ಎರಡು ತಿಂಗಳಲ್ಲಿ ನಿಲ್ಲಿಸಿದೆ.

ಆಮೇಲೆ ಟೈಮ್ ಸ್ಯಾಂಪ್ಲಿಂಗ್. ಒಂದು ಮಗುವನ್ನು 5 ನಿಮಿಷ ನೋಡೋದು, ಪ್ರತಿ 15 ಸೆಕೆಂಡಿಗೆ ಒಂದು ಗುರುತು, ನಂತರ ಪಟ್ಟಿಯಲ್ಲಿರುವ ಮುಂದಿನ ಮಗು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1961ರ ಬೊಂಬೆ ಪ್ರಯೋಗದಲ್ಲಿ (ದೊಡ್ಡವರು ಬೊಂಬೆಗೆ ಹೊಡೆಯೋದನ್ನು ನೋಡಿದ ಮಕ್ಕಳು ಹಾಗೇ ಮಾಡುತ್ತಾರಾ ಅಂತ ನೋಡಿದ್ದು) 20 ನಿಮಿಷವನ್ನು 5 ಸೆಕೆಂಡಿನ ತುಂಡುಗಳಾಗಿ ಮಾಡಿ 240 ಗುರುತು ಹಾಕಿಸಿದ್ದರಲ್ಲ, ಅದೇ ಧೈರ್ಯ ನನಗೂ. ಆದರೆ ಅಲ್ಲಿ ಒಂದು ಕೋಣೆ, ಒಂದು ಮಗು. ನನ್ನ ಅಂಗಳದಲ್ಲಿ ನಾನು ಈ ಕಡೆ ಪಟ್ಟಿಯ ಮಗುವನ್ನು ನೋಡುತ್ತಿದ್ದರೆ ಜಗಳ ನನ್ನ ಬೆನ್ನ ಹಿಂದೆ. ಸುಮಾರು 30 ಗಂಟೆಗೆ ಸಿಕ್ಕಿದ್ದು ಹನ್ನೊಂದೋ ಹನ್ನೆರಡೋ ಜಗಳ. ಇಬ್ಬರು ವೀಕ್ಷಕರ ಹೊಂದಿಕೆ ಶೇ. 92 ಬಂದಾಗ ಖುಷಿಪಟ್ಟೆವು. ಕಪ್ಪಾ, ಅಂದರೆ ಆಕಸ್ಮಿಕವಾಗಿ ಬರುವ ಹೊಂದಿಕೆಯನ್ನು ಕಳೆದು ನೋಡುವ ಅಳತೆ (1 ಅಂದರೆ ಪೂರ್ತಿ ಹೊಂದಿಕೆ), ಲೆಕ್ಕ ಹಾಕಿದರೆ 0.3ರ ಹತ್ತಿರ! ಇಬ್ಬರೂ ಒಪ್ಪಿದ್ದು ಹೆಚ್ಚಾಗಿ 'ಏನೂ ಆಗಲಿಲ್ಲ' ಅನ್ನೋದಕ್ಕೆ. ಶೇಕಡಾ ಹೊಂದಿಕೆ ಒಂದನ್ನೇ ನಂಬಿ ವರದಿ ಬರೆಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ದಾರಿ ತೋರಿಸಿದ್ದು ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳ ಜಗಳವನ್ನು ಅಧ್ಯಯನ ಮಾಡಿದ ಸಂಶೋಧಕಿ ಹೆಲೆನ್ ಡಾವ್ ಅವರ 1934ರ ಕೆಲಸ. ಅವರು ಕ್ಯಾಮೆರಾ ಇಲ್ಲದೆ 40 ಮಕ್ಕಳ 200 ಜಗಳ ದಾಖಲಿಸಿದ್ದರು. ಒಂದು ಜಗಳ ಸರಾಸರಿ 24 ಸೆಕೆಂಡ್ ಅಷ್ಟೇ. ಅಷ್ಟು ಚಿಕ್ಕ ಘಟನೆಗೆ ಗಡಿಯಾರ ನೋಡಿಕೊಂಡು ಕೂತರೆ ಆಗಲ್ಲ, ಘಟನೆಯನ್ನೇ ಕಾಯಬೇಕು. ಹೀಗೆ ಘಟನೆ ಆದಾಗಷ್ಟೇ ದಾಖಲಿಸುವ ಇವೆಂಟ್ ಸ್ಯಾಂಪ್ಲಿಂಗ್‌ಗೆ ಬದಲಾಯಿಸಿದೆ. ಖರ್ಚು ಅಂದರೆ ಎರಡು ಸ್ಟಾಪ್‌ವಾಚ್, ಎರಡು ರಟ್ಟು, ಫೋಟೊಕಾಪಿ.

ಒಂದು ಜಗಳ ಹೇಗೆ ಕಾಣಿಸುತ್ತೆ ಹೇಳುತ್ತೇನೆ. ಮರಳಿನಲ್ಲಿ ಕೆಂಪು ಬಕೆಟ್. ಒಬ್ಬಳು ಹಿಡಿಕೆ ಹಿಡಿದಿದ್ದಾಳೆ, ಇನ್ನೊಬ್ಬ ಬಂದು ಅಂಚು ಹಿಡಿದ. ಇನ್ನೂ ಮಾತಿಲ್ಲ, ಆದರೆ ಅವಳ ಬೆರಳು ಬಿಗಿಯಾದವು. ವಾಚ್ ಒತ್ತಿದೆ. 'ನಂದು', 'ನಾನು ಮೊದ್ಲು', ಒಂದು ಎಳೆತ, ಮರಳೆಲ್ಲ ಚೆಲ್ಲಿತು. ಚೆಲ್ಲಿದ ಮರಳು ನೋಡಿ ಇಬ್ಬರೂ ನಕ್ಕರು. 19 ಸೆಕೆಂಡ್. ಟೀಚರ್ ತಲೆ ಎತ್ತಿ ನೋಡುವ ಮೊದಲೇ ಮುಗಿದಿತ್ತು. ಜಗಳ ಎಲ್ಲಿಂದ ಶುರು ಅಂತ ಹಿಡಿಯೋಕೆ ನಮ್ಮದೇ ಒಂದು ನಿಯಮ ಇದೆ. ಇಡೀ ಕೆಲಸ ನಿಂತಿರೋದು ಅದರ ಮೇಲೆ, ಅದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ.

ಸುಮಾರು 40 ಗಂಟೆಯಲ್ಲಿ 150ರಷ್ಟು ಜಗಳ ಸಿಕ್ಕವು. ಹತ್ತರಲ್ಲಿ ಎಂಟೊಂಬತ್ತು ಜಗಳ ಇಬ್ಬರ ಹಾಳೆಯಲ್ಲೂ ಇದ್ದವು. ಜಗಳದ ಕಾರಣ ಏನು ಅನ್ನೋದರಲ್ಲಿ ಇಬ್ಬರ ಕಪ್ಪಾ 0.78ರ ಆಸುಪಾಸು. ಈ ಹೊಂದಿಕೆ ತಾನಾಗೇ ಉಳಿಯಲ್ಲ. ಮೂರನೇ ವಾರಕ್ಕೆ 0.6ಕ್ಕೆ ಜಾರಿತ್ತು, ಯಾಕಂದರೆ ಒಬ್ಬರು ತಮಾಷೆಯ ತಳ್ಳಾಟವನ್ನೂ ಜಗಳ ಅಂತ ಬರೆಯಲು ಶುರುಮಾಡಿದ್ದರು. ಆಗ ಹಳೆಯ ಕ್ಯಾಮೆರಾ ತುಣುಕುಗಳು ಉಪಯೋಗಕ್ಕೆ ಬಂದವು. ಪ್ರತಿ ವಾರದ ಮೊದಲ ದಿನ ಅವನ್ನು ಹಾಕಿ ಅರ್ಧ ಗಂಟೆ ಅಭ್ಯಾಸ ಮಾಡಿದೆವು. ಕ್ಯಾಮೆರಾಗೆ ಹಾಕಿದ ದುಡ್ಡು ಅಷ್ಟಾದರೂ ವಾಪಸ್ ಬಂತು ಅಂದುಕೊಂಡೆ.

ಮಧ್ಯೆ ಒಂದು ವಾರ ಭಾಗವಹಿಸುವ ವೀಕ್ಷಣೆಯನ್ನೂ ಮಾಡಿ ನೋಡಿದೆ, ಅಂದರೆ ಮರಳಿನಲ್ಲಿ ಕೂತು ಅವರ ಜೊತೆ ಆಟ. ಜಗಳದ ಮಾತುಗಳು ಚೆನ್ನಾಗಿ ಕೇಳಿಸಿದವು, ನಿಜ. ಆದರೆ ಮೂರನೇ ದಿನಕ್ಕೆ ಮಕ್ಕಳು ಪ್ರತಿ ಜಗಳವನ್ನೂ ನನ್ನ ಹತ್ತಿರ ತಂದು 'ನೀವೇ ಹೇಳಿ' ಅನ್ನತೊಡಗಿದರು. ಜಗಳ ಹೇಗೆ ಮುಗಿಯುತ್ತೆ ಅನ್ನೋದೇ ನನ್ನ ಪ್ರಶ್ನೆ, ಮುಗಿಸುತ್ತಿರೋದು ನಾನೇ! ಆ ವಾರದ ಹಾಳೆಗಳನ್ನು ಲೆಕ್ಕದಿಂದ ತೆಗೆದೆ. ಮತ್ತೆ ಬೇಲಿ ಪಕ್ಕ ಹೋಗಿ ನಿಂತೆ, ಐದು ದಿನ ಏನೂ ಬರೆಯಲಿಲ್ಲ. ಮಕ್ಕಳು ನನ್ನ ಕಡೆ ತಿರುಗಿ ನೋಡೋದು ನಿಂತಮೇಲೇ ಮೊದಲ ಹಾಳೆ ತೆಗೆದೆ. ಈ ಐದು ದಿನವನ್ನು ದಯವಿಟ್ಟು ಉಳಿಸೋಕೆ ಹೋಗಬೇಡಿ.

ಈಗ ಇದನ್ನೇ ಕೋಣೆಯೊಳಗೆ ಮಾಡುತ್ತಿದ್ದೇವೆ. ಅಲ್ಲಿ ಸ್ಟಾಪ್‌ವಾಚ್‌ನ ಟಿಕ್ ಸದ್ದಿಗೇ ಮಕ್ಕಳು ತಿರುಗುತ್ತಾರೆ. ಅದಕ್ಕೆ ಸದ್ದಿಲ್ಲದ ವಾಚ್ ತಂದಿದ್ದೇವೆ. ಮೊದಲ ವಾರ 23 ಜಗಳ ಸಿಕ್ಕಿವೆ.