ಮಚ್ಚೆಯೋ ಮೆಲನೋಮವೋ: ಜೈವಿಕ ಸೂಚಕಗಳಿಂದ ತಿಳಿಯುವ ಬಗೆ

ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳು ಒಂದೆಡೆ ಗುಂಪುಗೂಡಿದರೆ ಮಚ್ಚೆಯಾಗುತ್ತದೆ. ಅವೇ ಕೋಶಗಳು ಹತೋಟಿ ತಪ್ಪಿ ಬೆಳೆದರೆ ಮೆಲನೋಮ ಎಂಬ ಕ್ಯಾನ್ಸರ್ ಆಗುತ್ತದೆ. ಎರಡರ ಮೂಲವೂ ಒಂದೇ ಆದ್ದರಿಂದ, ಕೆಲವು ಮಚ್ಚೆಗಳ ವಿಷಯದಲ್ಲಿ ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ಅನುಭವಿ ಪೆಥಾಲಜಿಸ್ಟರಲ್ಲೂ ಭಿನ್ನಾಭಿಪ್ರಾಯ ಮೂಡುತ್ತದೆ. ಜೈವಿಕ ಸೂಚಕಗಳು, ಅಂದರೆ ಕೋಶಗಳ ಗುಣ ತಿಳಿಸುವ ಪ್ರೋಟೀನು, ಜೀನುಗಳಂಥ ಬಯೋಮಾರ್ಕರ್‌ಗಳು, ನೆರವಿಗೆ ಬರುವುದು ಇಲ್ಲಿಯೇ.

ಮೊದಲ ಹಂತ ಮಾದರಿ ಸಂಗ್ರಹ. ಅನುಮಾನವಿರುವ ಮಚ್ಚೆಯನ್ನು ಸುತ್ತಲಿನ 1ರಿಂದ 3 ಮಿಲಿಮೀಟರ್ ಚರ್ಮದೊಂದಿಗೆ, ಸಾಧ್ಯವಾದರೆ ಇಡಿಯಾಗಿ ತೆಗೆದು, ಅಂಗಾಂಶ ಕೆಡದಂತೆ ಕಾಯುವ ಫಾರ್ಮಾಲಿನ್ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಪರೀಕ್ಷಿಸದೆ ಅದನ್ನು ಲೇಸರಿನಿಂದಲೋ ಕಾಟರಿ ಎಂಬ ಬಿಸಿ ಉಪಕರಣದಿಂದಲೋ ಸುಡಿಸಿಕೊಳ್ಳುವುದು ಅಪಾಯಕಾರಿ. ಸುಟ್ಟ ಮೇಲೆ ಪರೀಕ್ಷೆಗೆ ಅಂಗಾಂಶವೇ ಉಳಿಯುವುದಿಲ್ಲ. ಭಾರತೀಯರಲ್ಲಿ ಮೆಲನೋಮ ಅಪರೂಪ, ಆದರೆ ಬಂದಾಗ ಅಂಗಾಲಿನಲ್ಲೋ ಉಗುರಿನ ಅಡಿಯಲ್ಲೋ ಕಾಣಿಸಿಕೊಂಡು, ಆಣಿಯೆಂದೋ ಪೆಟ್ಟಿನ ಕಲೆಯೆಂದೋ ಕಡೆಗಣನೆಗೆ ಒಳಗಾಗುವುದುಂಟು.

ಎರಡನೆಯದಾಗಿ, ಮೇಣದಲ್ಲಿ ಹುದುಗಿಸಿದ ಅಂಗಾಂಶದಿಂದ ತೆಳುವಾದ ಪದರಗಳನ್ನು ಕೊಯ್ದು ಮಾಮೂಲಿ ಬಣ್ಣ ಹಾಕಿ ನೋಡುತ್ತಾರೆ. ಮಚ್ಚೆಯಲ್ಲಿ ಆಳಕ್ಕೆ ಹೋದಂತೆ ಕೋಶಗಳು ಚಿಕ್ಕದಾಗುತ್ತವೆ. ಮೆಲನೋಮದಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬಹುಪಾಲು ಪ್ರಕರಣಗಳು ಇಲ್ಲೇ ಇತ್ಯರ್ಥವಾಗುತ್ತವೆ.

ಆಗದಿದ್ದರೆ ಸೂಚಕಗಳ ಸರದಿ, ಮತ್ತು ಇಲ್ಲಿ ಆಯ್ಕೆಯೇ ಮುಖ್ಯ. ಪ್ರೋಟೀನು ಸೂಚಕಗಳನ್ನು ಅಂಗಾಂಶದ ಪದರದಲ್ಲಿ ವರ್ಣಕದಿಂದ, ಅಂದರೆ ಬಣ್ಣ ಬರಿಸಿ, ಗುರುತಿಸುತ್ತಾರೆ. ಎಸ್-100, ಸಾಕ್ಸ್-10 ಎಂಬ ಪ್ರೋಟೀನುಗಳ ಪರೀಕ್ಷೆಗಳು ಕೋಶಗಳು ಮೆಲನೊಸೈಟ್ ಮೂಲದವೆಂದು ಸೂಚಿಸುತ್ತವೆಯೇ ಹೊರತು ಕ್ಯಾನ್ಸರ್ ಎಂದಲ್ಲ. ಬಿಆರ್‌ಎಎಫ್ ಜೀನಿನ ರೂಪಾಂತರ ನಿರಪಾಯಕಾರಿ ಮಚ್ಚೆಗಳಲ್ಲೂ ಬಹಳ ಸಾಮಾನ್ಯವಾದ್ದರಿಂದ, ಅದು ಚಿಕಿತ್ಸೆಯ ಔಷಧಿ ಆರಿಸಲು ಉಪಯುಕ್ತವಾದರೂ ಈ ಪ್ರಶ್ನೆಗೆ ಉತ್ತರವಾಗದು. ಹೆಚ್ಚು ನೆರವಾಗುವುದು ಪ್ರೇಮ್ (PRAME) ಎಂಬ ಪ್ರೋಟೀನು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರಾಥಮಿಕ ಮೆಲನೋಮಗಳ ಪೈಕಿ ಸುಮಾರು 83 ಶೇಕಡಾದಲ್ಲಿ ಅದು ಮುಕ್ಕಾಲು ಪಾಲಿಗಿಂತ ಹೆಚ್ಚು ಕೋಶಗಳ ನ್ಯೂಕ್ಲಿಯಸ್‌ನಲ್ಲಿ ಕಂಡಿತು. ಸುಮಾರು 86 ಶೇಕಡಾ ಮಚ್ಚೆಗಳಲ್ಲಿ ಲವಲೇಶವೂ ಕಾಣಲಿಲ್ಲ. ಆದರೆ ಡೆಸ್ಮೊಪ್ಲಾಸ್ಟಿಕ್ ಎಂಬ ಬಗೆಯ ಮೆಲನೋಮದಲ್ಲಿ ಅದು ಬಹುಮಟ್ಟಿಗೆ ಕೈಕೊಡುತ್ತದೆ. ಆದ್ದರಿಂದ ಮಚ್ಚೆಗಳಲ್ಲಿ ಸಾಮಾನ್ಯವಾಗಿ ಉಳಿದು, ಹಲವು ಮೆಲನೋಮಗಳಲ್ಲಿ ಮಾಯವಾಗುವ ಪಿ-16 ಪ್ರೋಟೀನನ್ನೂ, ಕೋಶ ವಿಭಜನೆಯ ವೇಗ ತೋರುವ ಕೆಐ-67 ಅನ್ನೂ ಜೊತೆಗಿಟ್ಟು ಓದಬೇಕು. ದಟ್ಟ ಕಪ್ಪು ಮಚ್ಚೆಯಲ್ಲಿ ಕಂದು ವರ್ಣಕ ಬಳಸಿದರೆ ಚರ್ಮದ ಸ್ವಂತ ಬಣ್ಣದೊಂದಿಗೆ ಬೆರೆತು ಗೊಂದಲವಾಗುವುದರಿಂದ ಕೆಂಪು ವರ್ಣಕವೇ ಮೇಲು.

ಆಗಲೂ ಸಂದೇಹ ಉಳಿದರೆ ವರ್ಣತಂತುಗಳ ಭಾಗಗಳನ್ನು ಹೊಳೆಯುವ ಗುರುತುಗಳಿಂದ ಪತ್ತೆಮಾಡುವ ಫಿಶ್ (FISH) ಪರೀಕ್ಷೆಯಿಂದ 6, 8, 9, 11ನೆಯ ವರ್ಣತಂತುಗಳ ನಿರ್ದಿಷ್ಟ ಭಾಗಗಳು ಹೆಚ್ಚಾಗಿವೆಯೇ, ಕಳೆದುಹೋಗಿವೆಯೇ ಎಂದು ನೋಡಬಹುದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಸ್ಪಿಟ್ಜ್ ಮಚ್ಚೆ ನಿರಪಾಯಕಾರಿಯಾಗಿದ್ದರೂ ಮೆಲನೋಮದಂತೆ ತೋರುವುದರಿಂದ, ಅಲ್ಲಿ ಇಂಥ ಪರೀಕ್ಷೆಗೆ ವಿಶೇಷ ಬೆಲೆಯಿದೆ.

ಕೊನೆಯ ವರದಿಯಲ್ಲಿ ರೋಗಿಯ ವಯಸ್ಸು, ಮಚ್ಚೆಯಿದ್ದ ಜಾಗ, ಕೋಶಗಳ ರೂಪ, ಸೂಚಕಗಳ ಫಲಿತಾಂಶ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಬೇಕು; ಒಂದೇ ಸೂಚಕವನ್ನು ನಂಬಿ ಕ್ಯಾನ್ಸರ್ ಎಂದೋ ಅಲ್ಲವೆಂದೋ ಬರೆಯುವುದು ತಪ್ಪು. ವರದಿ ಅಸ್ಪಷ್ಟವಾಗಿದ್ದರೆ ಪ್ರಯೋಗಾಲಯದಿಂದ ಮೇಣದ ಬ್ಲಾಕನ್ನು ಕೇಳಿ ಪಡೆದು, ಚರ್ಮದ ಪೆಥಾಲಜಿಯಲ್ಲಿ ಪರಿಣತಿಯುಳ್ಳ ಇನ್ನೊಬ್ಬರಿಂದ ಎರಡನೆಯ ಅಭಿಪ್ರಾಯ ಪಡೆಯಬಹುದು.